ಬಾಗಿಲ ಹಿಂದಿನ ಶ್ರೋತೃ

ನನ್ನ ಸಂಗೀತದ ಅಭಿರುಚಿಯ ಬಗ್ಗೆ ಕುಶಾಲನಗರದಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯವಿಲ್ಲ. ಪಂಪು, ಪೈಪು ಮಾರುವ ಮನುಷ್ಯನಿಗೆ ಅಭಿರುಚಿ ಯಾಕೆ ಬೇಕು ಎನ್ನುವುದು ಕೆಲವರ ಪ್ರಶ್ನೆ. ಬೇಕೇ ಬೇಕಿದ್ದರೆ ಹಳೇ ಚಿತ್ರಗೀತೆ ಕೇಳಿಕೊಂಡು ಇರಬಾರದೇ ಎನ್ನುವುದು ಉಳಿದವರದು. ಐವತ್ತು ದಾಟಿದ ನಾನು ಕೇಳುವುದು ಎರಡೇ ಬಗೆ. ಒಂದು ಇಂಡೀ ಫೋಕ್. ಅಂದರೆ ಗಡ್ಡದ ಹುಡುಗನೊಬ್ಬ ಯಾವುದೋ ಚಳಿದೇಶದ ಕಾಡಿನ ಮರದ ಮನೆಯಲ್ಲಿ ಕೂತು, ಪಕ್ಕದ ಕೋಣೆಯಲ್ಲಿ ಮಲಗಿಸಿದ ಮಗು ಎದ್ದೀತು ಎಂಬ ಭಯದಲ್ಲಿ ಗಿಟಾರ್ ಮೀಟುತ್ತ ಪಿಸುಗುಟ್ಟುವುದು. ಇನ್ನೊಂದು ಬ್ಲ್ಯಾಕ್ ಮೆಟಲ್. ಅಂಥದೇ ಕಾಡು, ಅಂಥದೇ ಚಳಿ. ಆದರೆ ಇಲ್ಲಿ ಮುಖಕ್ಕೆ ಕಪ್ಪು ಬಿಳಿ ಬಳಿದುಕೊಂಡವನೊಬ್ಬ ಗಂಟಲು ಹರಿಯುವಂತೆ ಕಿರುಚುತ್ತಾನೆ, ಹಿಂದಿನಿಂದ ಡ್ರಮ್ಮು ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಸುರಿಯುತ್ತದೆ. ಅಂಥ ಒಂದು ರೆಕಾರ್ಡಿನ ಹೊದಿಕೆ ನೋಡಿ ನನ್ನ ಹೆಂಡತಿ ಶೈಲಾ, "ಇವ್ರೇನ್ರೀ, ಬೇಡು ಹಬ್ಬಕ್ಕೆ ವೇಷ ಹಾಕ್ಕೊಂಡು ಮನೆಮನೆ ಬೇಡೋಕೆ ಹೊರಟಿದಾರಾ?" ಎಂದಿದ್ದಳು. ಅಲ್ಲಿಂದೀಚೆಗೆ ಹೊದಿಕೆಗಳನ್ನು ಗೋಡೆಯ ಕಡೆ ಮುಖ ಮಾಡಿ ಇಡುತ್ತೇನೆ.

ಇಂಥ ಸಂಗೀತಕ್ಕೆ ಈ ಊರಿನಲ್ಲಿ ನನ್ನನ್ನು ಬಿಟ್ಟರೆ ಇದ್ದ ಶ್ರೋತೃ ಒಬ್ಬರೇ. ಅವರು ಶೈಲಾಳ ತಾಯಿ, ನನ್ನ ಅತ್ತೆ. ಅವರು ಕೇಳುತ್ತಿದ್ದದ್ದೂ ಬಾಗಿಲ ಹಿಂದೆ ಕೂತು.

ಅತ್ತೆ ಶನಿವಾರಸಂತೆ ಕಡೆಯವರು. ಅವರ ಕಾಲದ ರೂಢಿಯಲ್ಲಿ ಅತ್ತೆ ಅಳಿಯನ ಎದುರು ಕೂರುವುದಿಲ್ಲ, ನೇರವಾಗಿ ಮಾತಾಡಿಸುವುದಿಲ್ಲ. ಮಾವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದಾಗ ಆ ರೂಢಿಯನ್ನೂ ಟ್ರಂಕಿನ ಜೊತೆಯಲ್ಲೇ ತಂದರು. "ಶೈಲಾ, ಅಳಿಯಂದ್ರು ಕಾಫಿ ಕುಡೀತಾರಾ ಕೇಳು" ಎಂದು ಅಡುಗೆಮನೆಯ ಬಾಗಿಲಿನಿಂದ ಪ್ರಶ್ನೆ ಬರುತ್ತಿತ್ತು. ಎದುರಿಗೇ ಕೂತಿರುವ ನಾನು, "ಕುಡೀತಾರೆ ಅಂತ ಹೇಳು" ಎನ್ನುತ್ತಿದ್ದೆ. ನಡುವೆ ಶೈಲಾ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮಾಡುತ್ತಿದ್ದಳು. ಮಾತಾಡದೇ ಇರುವುದನ್ನೇ ಮರ್ಯಾದೆ ಎಂದು ಕರೆಯುವ ಈ ಏರ್ಪಾಡು, ನಿಜ ಹೇಳುತ್ತೇನೆ, ನನಗೆ ಬಹಳ ಅನುಕೂಲವಾಗಿತ್ತು. ಅದನ್ನು ಕಂಡುಹಿಡಿದವನು ಖಂಡಿತ ಒಬ್ಬ ಅಳಿಯನೇ ಇರಬೇಕು.

ಭಾನುವಾರ ಮಧ್ಯಾಹ್ನ ಅಂಗಡಿಗೆ ರಜೆ. ಊಟ ಮುಗಿಸಿ ಹಾಲಿನಲ್ಲಿ ಕೂತು ರೆಕಾರ್ಡ್ ಹಾಕುವುದು ನನ್ನ ಪೂಜೆ. ಒಮ್ಮೆ ಊಟದ ಮಂಪರು ಕಳೆಯಲಿ ಎಂದು ಮೊದಲಿಗೇ ಬ್ಲ್ಯಾಕ್ ಮೆಟಲ್ ಹಾಕಿದೆ. ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. "ಶೈಲಾ, ಇದು ಮಿಲ್ಲಿನ ಬೆಲ್ಟು ಜಾರಿದ ಹಂಗಿದೆ. ಆ ಮೆತ್ತಗೆ ಹಾಡೋ ಹುಡುಗ ಇವತ್ತು ಬರಲ್ವಾ ಕೇಳು." ನನಗೆ ಆದ ಸಂತೋಷವನ್ನು ಹೇಳಲಾರೆ. ಇಷ್ಟು ದಿನ ಗೋಡೆಗೆ ಹಾಡು ಕೇಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಗೋಡೆಯಾಚೆ ಒಂದು ಜೀವ ಬೆಳ್ಳುಳ್ಳಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿತ್ತು. ಅಂದಿನಿಂದ ಪಿಸುದನಿಯ ಹುಡುಗನಿಗೇ ಮೊದಲ ಸರದಿ. ರೆಕಾರ್ಡಿನ ಒಂದು ಮಗ್ಗುಲು ಮುಗಿದರೆ ಬಾಗಿಲ ಹಿಂದೆ ಒಂದು ಸಣ್ಣ ಕೆಮ್ಮು ಕೇಳುತ್ತಿತ್ತು. ತಿರುಗಿಸಿ ಹಾಕಿ ಎಂದು ಅದರ ಅರ್ಥ. ನಾನು ತಿರುಗಿಸಿ ಹಾಕುತ್ತಿದ್ದೆ. ನಮ್ಮಿಬ್ಬರ ನಡುವೆ ನಡೆದ ಅತಿ ದೀರ್ಘ ಸಂಭಾಷಣೆ ಅದೇ.

ಮಿಲ್ಲಿನ ಮಾತು ಸುಮ್ಮನೆ ಬಂದದ್ದಲ್ಲ. ಮಾವನದು ಅಕ್ಕಿ ಮಿಲ್ಲು, ಮನೆಯ ಗೋಡೆಗೆ ಅಂಟಿಕೊಂಡೇ ಇತ್ತು. ಅದು ಓಡುತ್ತಿದ್ದರೆ ಮನೆಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಮಾವನನ್ನು ಊಟಕ್ಕೆ ಕರೆಯಬೇಕಾದರೆ ಅತ್ತೆ ತೌಡಿನ ಧೂಳಿನಲ್ಲಿ ನಿಂತು ಕೈ ಬೀಸಬೇಕಿತ್ತಂತೆ. ಮಾವ ನೋಡದಿದ್ದರೆ ನೋಡುವ ತನಕ ಬೀಸಬೇಕು. ಅಂಥ ಸದ್ದಿನಲ್ಲಿ ಬಾಳಿದವರಿಗೆ ಪಿಸುಮಾತಿನ ಹಾಡು ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನನ್ನನ್ನು ಕೇಳಿದರೆ ಈ ಎರಡೂ ಸಂಗೀತ ಒಂದೇ ಹೊಟ್ಟೆಯ ಮಕ್ಕಳು. ನಮ್ಮ ಹಳೆಯ ಲಾಕ್ಷಣಿಕರು ಕರುಣಕ್ಕೊಂದು, ರೌದ್ರಕ್ಕೊಂದು ಬೇರೆ ಬೇರೆ ಮಣೆ ಹಾಕಿ ಕೂರಿಸಿದರು. ಕೊಡಗಿನ ಮಳೆಗಾಲ ನೋಡಿದ್ದರೆ ಹಾಗೆ ಮಾಡುತ್ತಿರಲಿಲ್ಲವೇನೋ. ನನ್ನ ಕಪಾಟಿನಲ್ಲಿ ಕರುಣ, ರೌದ್ರ ಒಂದಕ್ಕೊಂದು ಒರಗಿ ನಿಂತಿವೆ, ಜೂನ್ ಬಂತೆಂದರೆ ಎರಡಕ್ಕೂ ಒಂದೇ ಬೂಷ್ಟು. ಪಿಸುಗುಟ್ಟುವವನೂ ಕಿರುಚುವವನೂ ಹಾಡುವುದು ಕಳೆದುಕೊಂಡದ್ದರ ಬಗ್ಗೆ. ಒಬ್ಬನಿಗೆ ಹತ್ತಿರದಲ್ಲಿ ಯಾರೋ ಇದ್ದಾರೆಂಬ ನಂಬಿಕೆ, ಅದಕ್ಕೇ ದನಿ ತಗ್ಗಿಸುತ್ತಾನೆ. ಇನ್ನೊಬ್ಬನಿಗೆ ಆ ನಂಬಿಕೆ ಹೋಗಿದೆ. ಈ ಸಿದ್ಧಾಂತವನ್ನು ಸಿದ್ದಾಪುರದ ಎಸ್ಟೇಟಿನಿಂದ ಪಂಪು ಕೊಳ್ಳಲು ಬಂದ ಮ್ಯಾನೇಜರೊಬ್ಬರಿಗೆ ವಿವರಿಸಿದ್ದೆ. ಅವರು ಪೂರ್ತಿ ಕೇಳಿ, ವಾರಂಟಿ ಎಷ್ಟು ವರ್ಷ ಎಂದರು.

ಹೀಗಿರುವಾಗ ಕೆಮ್ಮು ನಿಂತಿತು. ಮಗ್ಗುಲು ಮುಗಿದು ಮುಳ್ಳು ಟಿಕ್ ಟಿಕ್ ಎಂದು ಸುತ್ತುತ್ತಿದ್ದರೂ ಬಾಗಿಲ ಹಿಂದೆ ಸದ್ದಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡೆ. ಮುಂದೊಂದು ದಿನ ಅವರು ಕೂರುವ ಪ್ಲಾಸ್ಟಿಕ್ ಕುರ್ಚಿ ಇನ್ನೂ ಹತ್ತಿರ ಸರಿದು ಬಾಗಿಲ ಚೌಕಟ್ಟಿಗೆ ತಾಗಿಕೊಂಡಿತ್ತು. ಕೊನೆಗೆ, ಅಲ್ಲಿಗೂ ಹಾಡು ಕೇಳಿಸದೆ, ಕುರ್ಚಿ ಹಿತ್ತಿಲಿಗೆ ಹೋಯಿತು. ಮಡಿಕೇರಿಯ ಡಾಕ್ಟರು ಕಿವಿಯ ಒಳಗೆ ನೋಡಿ, ವರ್ಷಗಟ್ಟಲೆ ಮಿಲ್ಲಿನ ಸದ್ದು ತಿಂದು ಹಾಕಿದೆ, ಹೋದದ್ದು ವಾಪಸ್ ಬರುವುದಿಲ್ಲ ಎಂದರು. ಕಿವಿಗೊಂದು ಮೆಷೀನು ಕೊಟ್ಟರು. ಅದು ತಟ್ಟೆ ಲೋಟದ ಸದ್ದನ್ನು ದೊಡ್ಡದು ಮಾಡುತ್ತದೆ, ಮನುಷ್ಯರ ಮಾತನ್ನು ಮಾಡುವುದಿಲ್ಲ ಎಂದು ಅತ್ತೆ ಅದನ್ನು ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ ಇಟ್ಟುಬಿಟ್ಟರು.

ಆಮೇಲೆ ಮನೆಯಲ್ಲಿ ನಡೆದದ್ದನ್ನು ನೆನೆದರೆ ಬೇಸರವಾಗುತ್ತದೆ. ಮೊದಲು ಎಲ್ಲರೂ ಅವರಿಗೆ ಎರಡೆರಡು ಸಲ ಹೇಳುತ್ತಿದ್ದೆವು. ಆಮೇಲೆ ಒಂದೇ ಸಲ. ಆಮೇಲೆ ಕೈಸನ್ನೆ. "ಏನಂದೆ?" ಎಂದು ಅವರು ಕೇಳಿದರೆ "ಏನಿಲ್ಲ ಬಿಡಮ್ಮ" ಎಂದು ಶೈಲಾ ಹೇಳುವಳು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಸುಸ್ತು ಅಷ್ಟೆ. ನಾನಂತೂ ಮೊದಲಿನಿಂದಲೂ ಮರ್ಯಾದಸ್ಥ ಅಳಿಯ. ನನಗೆ ಕಮ್ಮಿ ಮಾಡಲು ಮಾತೇ ಇರಲಿಲ್ಲ.

ಕಳೆದ ಮಳೆಗಾಲದ ಒಂದು ಭಾನುವಾರ ಶೈಲಾ ಮೂರ್ನಾಡಿಗೆ ಮದುವೆಗೆ ಹೋಗಿದ್ದಳು. ಹೇಗೂ ಕೇಳುವವರಿಲ್ಲ ಎಂದು ಬ್ಲ್ಯಾಕ್ ಮೆಟಲ್ ಹಾಕಿ, ವಾಲ್ಯೂಮನ್ನು ಹಿಂದೆಂದೂ ತಿರುಗಿಸದಷ್ಟು ತಿರುಗಿಸಿದೆ. ಕಿಟಕಿಯ ಗಾಜು ನಡುಗಿತು. ತಲೆ ಎತ್ತಿ ನೋಡಿದರೆ ಅತ್ತೆ ಹೊಸ್ತಿಲಲ್ಲಿ ನಿಂತಿದ್ದಾರೆ. ಗಾಬರಿಯಿಂದ ಕಮ್ಮಿ ಮಾಡಲು ಎದ್ದೆ. ಅವರು ಒಳಗೆ ಬಂದರು. ನನ್ನ ಎದುರಿಗೇ, ಸ್ಪೀಕರಿನ ಪಕ್ಕ ನೆಲದ ಮೇಲೆ ಕೂತರು. ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟರು.

"ಇರ್ಲಿ, ಕಮ್ಮಿ ಮಾಡ್ಬೇಡಿ" ಎಂದರು. ನನಗೇ, ನೇರವಾಗಿ. ಸ್ವಲ್ಪ ಹೊತ್ತು ಕೇಳಿ ಮತ್ತೆ ಹೇಳಿದರು. "ಈ ಮನೇಲಿ ನೀವೆಲ್ಲ ಬರೀ ತುಟಿ ಅಲ್ಲಾಡಿಸ್ತೀರಿ. ಇವನೊಬ್ಬ ನಂಗೆ ಕೇಳ್ಸಲಿ ಅಂತ ಕಿರುಚ್ತಾನೆ."

ಆ ರೆಕಾರ್ಡ್ ಮುಗಿದ ಮೇಲೆ ಅವರ ಪಿಸುದನಿಯ ಹುಡುಗನನ್ನು ಹುಡುಕಿ ಹಾಕಿದೆ. ಅವರ ಕೈ ಪೆಟ್ಟಿಗೆಯ ಮೇಲೇ ಇತ್ತು. ಅಲ್ಲಿ ಏನೂ ಅದುರುತ್ತಿರಲಿಲ್ಲ. "ಯಾರಿದು?" ಎಂದರು. ನಿಮ್ಮ ಮೆತ್ತಗೆ ಹಾಡೋ ಹುಡುಗ ಎಂದು ಕೂಗಿ ಹೇಳಿದೆ. ಅವರ ಮುಖ ಸಣ್ಣದಾಯಿತು. ನಾನು ಪಕ್ಕದಲ್ಲಿ ಕೂತು, ಅವರ ಕಿವಿಗೆ ಬಾಗಿ, ಅವನು ಉಸಿರಿನಲ್ಲಿ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಕಿರುಚತೊಡಗಿದೆ. "ಅತ್ತೇ! ನದಿ ಹೆಪ್ಪುಗಟ್ಟಿದೆಯಂತೆ! ಹುಡುಗಿ ಊರು ಬಿಟ್ಟು ಹೋದ್ಲಂತೆ! ಇವ್ನಿಗೆ ಬೇಜಾರಂತೆ!" ಪಕ್ಕದ ಮನೆಯ ನಾಯಿ ಬೊಗಳಿತು.

"ಅಷ್ಟೇನಾ?" ಎಂದರು ಅತ್ತೆ. "ನಾನು ಬೇರೆ ಏನೋ ಅಂದ್ಕೊಂಡಿದ್ದೆ."

"ಏನಂತ?" ಎಂದು ಕಿವಿಯ ಹತ್ತಿರ ಕೂಗಿದೆ.

"ಒಳಗಿಂದ ಯಾರೋ, ಮಿಲ್ಲು ನಿಲ್ಸಿ ಊಟಕ್ಕೆ ಬನ್ನಿ ಅಂತ ಕರೀತಿದಾರೆ ಅಂತ. ಅಷ್ಟು ಮೆತ್ತಗೆ ಕರೆದ್ರೂ ಅವ್ರಿಗೆ ಕೇಳ್ಸುತ್ತೆ ಅಂತ."

ಈಗ ನಾನು ಮನೆಯಲ್ಲಿ ಕೂಗಿಯೇ ಮಾತಾಡುತ್ತೇನೆ. ಸೋಮವಾರ ಅಂಗಡಿಗೆ ಹೋದರೆ ಗಂಟಲು ಒಡೆದಿರುತ್ತದೆ, ಶೀತವಾ ಎಂದು ಗಿರಾಕಿಗಳು ಕೇಳುತ್ತಾರೆ. ಅತ್ತೆ ಭಾನುವಾರ ತಾವೇ ಬಂದು ಪೆಟ್ಟಿಗೆಯ ಪಕ್ಕ ಕೂರುತ್ತಾರೆ, ಕಿರುಚುವವನನ್ನು ಹಾಕಿಸಿಕೊಂಡು ಕೇಳುತ್ತಾರೆ. ಇಬ್ಬರಿಗೂ ಹಿತವಾಗಿಯೇ ಇದೆ. ಆದರೆ ಹಾಡು ಮುಗಿದಾಗಲೆಲ್ಲ ಹಳೆಯ ಭಾನುವಾರಗಳು ನೆನಪಾಗುತ್ತವೆ. ಒಂದೇ ರೆಕಾರ್ಡಿನಿಂದ ನಾನು ಆ ಹುಡುಗನ ಹಾಡು ಕೇಳುತ್ತಿದ್ದೆ, ಅವರು ಅದಕ್ಕಿಂತ ಒಳ್ಳೆಯದೊಂದನ್ನು ಕೇಳುತ್ತಿದ್ದರು. ಎದ್ದು ಹೋಗಿ, ಹೇಗಿದೆ ಅತ್ತೆ ಎಂದು ಒಂದು ಮಾತಾಡಬಹುದಿತ್ತು. ನಡುವಿನ ಬಾಗಿಲಿಗೆ ಯಾರೂ ಚಿಲಕ ಹಾಕಿರಲಿಲ್ಲ. ಆಗ ಎಷ್ಟು ಮೆತ್ತಗೆ ಹೇಳಿದ್ದರೂ ಅವರಿಗೆ ಕೇಳಿಸುತ್ತಿತ್ತು.