ಕೀ ಮೇಲಿನ ಕೈ

ಟ್ಯಾಕ್ಸಿ ಸ್ಟ್ಯಾಂಡಿನ ನಾಯಿಗಳಿಗೂ ಯಾವ ಕಾರು ಯಾರದೆಂದು ಸದ್ದಿನಲ್ಲೇ ತಿಳಿಯುತ್ತಿದ್ದ ಕಾಲ ಅದು. ಸಕಲೇಶಪುರದ ಸ್ಟ್ಯಾಂಡಿಗೆ ಅಪ್ಪನ ಬಿಳಿ ಅಂಬಾಸಿಡರ್ ಬರುತ್ತಿದ್ದರೆ ಅವು ಮಲಗಿದಲ್ಲೇ ಬಾಲ ಆಡಿಸುತ್ತಿದ್ದವು. ನಮ್ಮ ಮನೆ ಆನೇಮಹಲಿನಲ್ಲಿ, ರಸ್ತೆಗೆ ಹೊಂದಿಕೊಂಡಂತಿತ್ತು. ಹೆಂಚಿನ ಮೇಲಿನ ಅಕ್ಕಿ ರೊಟ್ಟಿಯ ವಾಸನೆ, ಪಕ್ಕದ ಎಸ್ಟೇಟಿನಿಂದ ಬರುವ ಕಾಫಿ ಸಿಪ್ಪೆಯ ಹುಳಿ ವಾಸನೆ, ಅಪ್ಪನ ಅಂಗಿಯ ಪೆಟ್ರೋಲ್ ವಾಸನೆ, ಇವು ಮೂರೂ ಕಲೆತರೆ ಕೊಯ್ಲು ಶುರುವಾಯಿತೆಂದು ನನಗೆ ಗೊತ್ತಾಗುತ್ತಿತ್ತು.

ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಮನೆಯಲ್ಲಿ ಮತ್ತೆ ಮತ್ತೆ ಕೇಳಿದ್ದು ನಾವೇ ಕಂಡದ್ದಾಗಿಬಿಡುತ್ತದೆ. ಆದರೂ ಒಂದು ಕೊಯ್ಲಿನ ಕಾಲದಲ್ಲಿ ಆದದ್ದನ್ನು ನನ್ನ ಅಂಗೈ ಇನ್ನೂ ಬಿಟ್ಟುಕೊಟ್ಟಿಲ್ಲ.

ಅಮ್ಮನ ತಮ್ಮ ರುದ್ರೇಶ ಮಾಮ ಮಗ್ಗೆ ಊರಿನವನು. ಹಾಸನದ ಬಿಡಿಭಾಗದ ಅಂಗಡಿಯ ಕೆಲಸ ಬಿಟ್ಟು ಆ ವರ್ಷ ಒಂದು ಏಜೆನ್ಸಿ ಹಿಡಿದಿದ್ದ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಅಯಸ್ಕಾಂತ. ಅದನ್ನು ಕಾರಿನ ಪೆಟ್ರೋಲ್ ಪೈಪಿಗೆ ಬಿಗಿದರೆ ಮೈಲೇಜ್ ಹೆಚ್ಚುತ್ತದಂತೆ. ನಮ್ಮ ಮಂಚದ ಕೆಳಗಿನ ಟ್ರಂಕಿನ ತುಂಬ ಅವೇ ಇದ್ದವು. ಟ್ರಂಕು ಎಳೆದರೆ ಅಮ್ಮನ ಸೂಜಿಗಳು ನೆಲದಲ್ಲಿ ಹರಿದಾಡುತ್ತಿದ್ದವು. ಮಾಮನಿಗೆ ಹೆಣ್ಣು ಗೊತ್ತಾಗಿತ್ತು. ಹುಡುಗನದು ಸ್ವಂತ ಏಜೆನ್ಸಿ ಎಂದು ಹೆಣ್ಣಿನ ಕಡೆಯವರಿಗೆ ಹೇಳಿಯೂ ಆಗಿತ್ತು. ಸ್ಟ್ಯಾಂಡಿನವರು ಕೊಂಡರೆ ಏಜೆನ್ಸಿ ಉಳಿಯುತ್ತಿತ್ತು, ಅದು ಉಳಿದರೆ ಮದುವೆ. ಸ್ಟ್ಯಾಂಡಿನವರೋ ಅಪ್ಪನ ಬಾಯಿ ನೋಡುತ್ತಿದ್ದರು.

"ಕಬ್ಬಿಣದ ತುಂಡು ಕಟ್ಟಿದ್ರೆ ಪೆಟ್ರೋಲ್ ಉಳಿತೈತಾ? ಹಂಗಾದ್ರೆ ನಮ್ಮನೆ ಒಲೆಗೂ ಒಂದು ಕಟ್ಟು ಮಾರಾಯ, ಸೌದೆ ಉಳೀಲಿ," ಎಂದು ಮಾಮನನ್ನು ಗೋಳು ಹುಯ್ದುಕೊಂಡಿದ್ದು ಖಾದರ್ ಕಾಕ. ಅಪ್ಪನ ಪಕ್ಕದಲ್ಲೇ ಜೀಪು ನಿಲ್ಲಿಸುತ್ತಿದ್ದವರು.

"ನಗ್ಬೇಡಿ ಕಾಕ. ಬಾವ ಓಡಿಸಿ ನೋಡ್ಲಿ, ಆಮೇಲೆ ನೀವೇ ಕೇಳ್ಕೊಂಡ್ ಬರ್ತೀರ."

"ನಿಮ್ ಬಾವ ಉಳಿತೈತೆ ಅಂದ್ರೆ ಉಳಿತೈತೆ. ಅವತ್ತೇ ನಂಗೂ ಒಂದು ಬಿಗಿ."

ಅಪ್ಪ ನೋಡುತ್ತೇನೆ ಎಂದರು. ಟ್ಯಾಂಕಿನ ಪೈಪು ಕಳಚಿ, ಒಂದು ಸೀಸೆಯಲ್ಲಿ ಗುರುತಿನವರೆಗೆ ಪೆಟ್ರೋಲ್ ತುಂಬಿ, ಬಾನೆಟ್ಟಿನೊಳಗೆ ಕಟ್ಟಿ, ಅದರಿಂದಲೇ ಎಂಜಿನ್ನಿಗೆ ಕೊಡುವುದು. ಕಾರು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಲೆಕ್ಕ. ಹೊಂಗಡಹಳ್ಳದ ಕಡೆಯ ರಸ್ತೆಯಲ್ಲಿ ಒಂದು ಅತ್ತಿಮರದಿಂದ ಹೊರಡುವುದೆಂದಾಯಿತು. ಸ್ವಲ್ಪ ಏರು, ಆಮೇಲೆ ಉದ್ದನೆಯ ಇಳಿಜಾರು, ಕೆಳಗೆ ಮಟ್ಟಸ. ಮುಂದಿನ ಉದ್ದ ಸೀಟಿನಲ್ಲಿ ಅಪ್ಪ, ಮಾಮ, ನಡುವೆ ನಾನು. ಆ ಕಾರಿನ ಕೀ ಡ್ಯಾಶ್‌ಬೋರ್ಡಿನ ಮಧ್ಯದಲ್ಲಿತ್ತು, ನನ್ನ ಮುಖದ ಎದುರಿಗೆ.

ಮೊದಲ ಸಲ ಅಯಸ್ಕಾಂತ ಇರಲಿಲ್ಲ. ಬಿಸಿಲಿತ್ತು. ಇಳಿಜಾರು ದಾಟಿ, ಮಟ್ಟಸದಲ್ಲಿ ಒಂದು ಕಲ್ಲಿನ ಮೋರಿಯ ಹತ್ತಿರ ಕಾರು ಕೆಮ್ಮಿ ನಿಂತಿತು. ಮಾಮ ಇಳಿದು ಮೋರಿಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದ.

ಎರಡನೇ ಸಲ, ಅಯಸ್ಕಾಂತ ಬಿಗಿದು ಹೊರಟ ಬೆಳಿಗ್ಗೆ, ಮಂಜು ಬಿದ್ದಿತ್ತು. ಬಾನೆಟ್ಟಿನ ತುದಿಯೇ ಕಾಣುತ್ತಿರಲಿಲ್ಲ. ಏರು ಮುಗಿದು ಇಳಿಜಾರು ಹಿಡಿದದ್ದು ಹೊಟ್ಟೆಗೆ ತಿಳಿಯಿತೇ ಹೊರತು ಕಣ್ಣಿಗಲ್ಲ. ಆಮೇಲೆ ಯಾವಾಗಲೋ ಎಲ್ಲ ಸದ್ದೂ ಅಡಗಿತು. ಟೈರಿನ ಕೆಳಗೆ ಜಲ್ಲಿ ಸರಿಯುವುದು ಮಾತ್ರ ಕೇಳುತ್ತಿತ್ತು. ಸಿಲ್ವರ್ ಓಕ್ ಮರಗಳು ಒಂದೊಂದಾಗಿ ಹತ್ತಿರ ಬಂದು ನಮ್ಮನ್ನು ಬಗ್ಗಿ ನೋಡಿ ಹೋಗುತ್ತಿದ್ದವು. ಕೊಯ್ಲಿಗೆ ಹೊರಟ ಹೆಂಗಸರು ರಸ್ತೆಯ ನಡುವೆಯೇ ನಡೆಯುತ್ತಿದ್ದರು. ಮಂಜಿನಲ್ಲಿ ಅವರಿಗೆ ಕಾಲೇ ಇರಲಿಲ್ಲ. ಕಾರು ತಗಲುವಷ್ಟು ಹತ್ತಿರ ಬಂದ ಮೇಲೆ ಬೆಚ್ಚಿ ಸರಿದರು. ಒಬ್ಬಾಕೆ ಕೈಯಿಂದ ಬಾಯಿ ಮುಚ್ಚಿಕೊಂಡು ಕಾರನ್ನಲ್ಲ, ಅಪ್ಪನನ್ನು ನೋಡಿದಳು. ಕೆಳಗಿಳಿದ ಮೇಲೆ ಎಂಜಿನ್ ಮತ್ತೆ ಗುರುಗುಟ್ಟಿತು. ಮೋರಿಯ ಸುಣ್ಣದ ಗೆರೆ ಹಿಂದಕ್ಕೆ ಹೋಯಿತು. ಮುಂದಿನ ಎಸ್ಟೇಟಿನ ಸ್ಟೋರೂ ದಾಟಿದ ಮೇಲೆ ಕಾರು ನಿಂತಿತು.

ಮಾಮನ ಕಣ್ಣಲ್ಲಿ ನೀರು ಬಂದಿತ್ತು. "ಎಲ್ಲಿ ಮೋರಿ, ಎಲ್ಲಿ ಸ್ಟೋರು. ನೋಡಿ ಬಾವ. ಇನ್ನೇನ್ ಬೇಕು?"

ಅಪ್ಪನೂ ನಗುತ್ತಿದ್ದರು. ನನಗೆ ಆ ಹೆಂಗಸಿನ ಮುಖ ಕಣ್ಣಿಂದ ಹೋಗಿರಲಿಲ್ಲ. "ಅಪ್ಪ, ಇಳಿಜಾರಲ್ಲಿ ಕೀ ಯಾಕೆ ತಿರುಗಿಸಿದ್ರಿ?" ಎಂದು ಕೇಳಿದೆ.

"ನಾನೆಲ್ಲಿ ತಿರುಗಿಸ್ದೆ?"

"ತಿರುಗಿಸಿದ್ರಿ. ಸದ್ದೇ ಇರ್ಲಿಲ್ಲ."

ಅಪ್ಪ ಮಾಮನನ್ನು ನೋಡಿದರು. ಮಾಮ ಕಾರಿನ ಚಕ್ರ ನೋಡುತ್ತ, "ಮಂಜಲ್ಲಿ ಎಂಜಿನ್ ಆಫ್ ಮಾಡಿ ಇಳಿಸೋದು ನಿಮಗೆ ಅಭ್ಯಾಸ ಅಲ್ವಾ ಬಾವ," ಎಂದ.

ನಮ್ಮ ಕಡೆಯ ಹಳೇ ಡ್ರೈವರುಗಳ ಪದ್ಧತಿ ಅದು. ಮಂಜು ಕವಿದಾಗ ಇಳಿಜಾರಿನಲ್ಲಿ ಎಂಜಿನ್ ಆರಿಸಿ, ಕಿಟಕಿ ಇಳಿಸಿ, ಎದುರು ಬರುವ ಲಾರಿಯ ಸದ್ದಿಗೆ ಕಿವಿ ಕೊಟ್ಟು ಇಳಿಯುವುದು. ಪೆಟ್ರೋಲೂ ಉಳಿಯುತ್ತಿತ್ತು. ಅಪ್ಪ ಅದನ್ನು ಮಾಡುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಅಂದು ಮಾಡಿದ್ದು ಮಾತ್ರ ಅವರಿಗೇ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆಯೂ ಮಂಜಿತ್ತು. ಅಯಸ್ಕಾಂತ ಇದ್ದಲ್ಲೇ ಇತ್ತು. ಸೀಸೆ ತುಂಬಿಯಾದ ಮೇಲೆ ಅಪ್ಪ ನನ್ನ ಕೈ ಹಿಡಿದು ಕೀ ಮೇಲಿಟ್ಟರು. "ಏನಾದ್ರೂ ಆಗ್ಲಿ, ತೆಗೀಬೇಡ ಕಣವ್ವ."

ಇಳಿಜಾರು ಬಂತು. ಯಾವುದೋ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮಗಳ ಮದುವೆಗೆ ಕಾರು ಕೇಳಿದ ಕಥೆಯನ್ನು ಅಪ್ಪ ಹೇಳುತ್ತಿದ್ದರು. ಆಗ ಅವರ ಎಡಗೈ ಸ್ಟೀರಿಂಗ್ ಬಿಟ್ಟು ಬಂತು. ಮೊದಲು ಡ್ಯಾಶ್‌ಬೋರ್ಡ್ ಸವರಿತು. ನನ್ನ ಬೆರಳುಗಳು ಸಿಕ್ಕವು. ನಿದ್ದೆ ಹೋದ ಮಗುವಿನ ಮುಷ್ಟಿಯಿಂದ ಆಟಿಕೆ ತೆಗೆಯುವವರ ಹಾಗೆ, ಒಂದೊಂದೇ ಬೆರಳನ್ನು ಮೆತ್ತಗೆ ಬಿಡಿಸತೊಡಗಿತು. ತಣ್ಣಗಿತ್ತು. ಅಪ್ಪನ ಕಣ್ಣು ರಸ್ತೆಯ ಮೇಲೇ ಇತ್ತು, ಕಥೆ ನಿಂತಿರಲಿಲ್ಲ. ಜಾತ್ರೆಯಲ್ಲಿ, ಸಂತೆಯಲ್ಲಿ ನನ್ನನ್ನು ಹಿಡಿದು ನಡೆಸಿದ ಕೈ ಅದು. ಅದಕ್ಕೆ ನನ್ನ ಗುರುತಿರಲಿಲ್ಲ.

"ಅಪ್ಪ, ಕೈ," ಎಂದೆ.

ಕಥೆ ಅರ್ಧಕ್ಕೆ ನಿಂತಿತು. ಅಪ್ಪ ಕೆಳಗೆ ನೋಡಿದರು. ಕಾಲಡಿಯಲ್ಲಿ ಹಾವು ಕಂಡವರ ಹಾಗೆ ಕೈ ಹಿಂದಕ್ಕೆಳೆದುಕೊಂಡರು. ಎಂಜಿನ್ ಓಡುತ್ತಲೇ ಇತ್ತು. ಕೆಳಗಿಳಿದು, ಮಟ್ಟಸ ಸೇರಿ, ಮೋರಿಯ ಸುಣ್ಣದ ಗೆರೆಯ ಹತ್ತಿರ ಕಾರು ಕೆಮ್ಮಿ ನಿಂತಿತು.

ಮಾಮ ಕಾರಿನಿಂದ ಇಳಿಯದೆಯೇ, "ಬಾವ, ಸ್ಟ್ಯಾಂಡಲ್ಲಿ ನಿನ್ನೇದು ಹೇಳಿದ್ರೆ ಸಾಕಲ್ವಾ? ಸುಳ್ಳೇನಲ್ಲ. ನಿನ್ನೆ ಸ್ಟೋರ್ ದಾಟಿದ್ದು ನಿಜ ತಾನೆ?" ಎಂದ.

"ನಿನ್ನೆ ಓಡ್ಸಿದ್ದು ನಾನಲ್ಲ ಕಣೋ."

"ಮತ್ತ್ಯಾರು?"

ಅಪ್ಪ ಎಡಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡುತ್ತಿದ್ದರು. "ಅದೇ ಗೊತ್ತಾಗ್ತಿಲ್ಲ," ಎಂದರು.

ಸ್ಟ್ಯಾಂಡಿನಲ್ಲಿ ಅಪ್ಪ ಇದ್ದದ್ದನ್ನೇ ಹೇಳಿದರು. ಖಾದರ್ ಕಾಕ ಅಂದು ತಮಾಷೆ ಮಾಡಲಿಲ್ಲ. ಮಾಮನಿಗೆ ಟೀ ಕುಡಿಸಿ ಕಳಿಸಿದರಂತೆ. ಟ್ರಂಕು ಹಾಸನಕ್ಕೆ ವಾಪಸಾಯಿತು. ಮಾಮನೂ ಅಂಗಡಿಗೆ ವಾಪಸಾದ. ಆ ಹೆಣ್ಣಿನ ಕಡೆಯವರು ಮತ್ತೆ ಬರಲಿಲ್ಲ. ಆಮೇಲೆ ಬೇರೆ ಕಡೆ ಮದುವೆಯಾಯಿತಾದರೂ ಮಾಮ ನಮ್ಮ ಮನೆಯಲ್ಲಿ ಮೊದಲಿನ ಹಾಗೆ ಅಟ್ಟದ ಕೆಳಗೆ ಕಾಲು ಚಾಚಿ ಮಲಗಿದ್ದನ್ನು ನಾನು ಕಾಣೆ. ಅಪ್ಪ ಮಂಜಿನಲ್ಲಿ ಹೊರಟಾಗಲೆಲ್ಲ, ನಾನಿದ್ದರೆ, ಇಳಿಜಾರಿನ ತಲೆಯಲ್ಲಿ "ಕೈ ಇಡವ್ವ" ಎನ್ನುತ್ತಿದ್ದರು. ಒಬ್ಬರೇ ಇದ್ದಾಗ ಏನು ಮಾಡುತ್ತಿದ್ದರೋ ಕೇಳಲು ಧೈರ್ಯವಾಗಲಿಲ್ಲ.

ಮೊನ್ನೆ ಮೊನ್ನೆ ಮಾಮನಿಗೆ ಫೋನಿನಲ್ಲಿ ಇದನ್ನೆಲ್ಲ ನೆನಪಿಸಿದೆ. ಅವನು ಹೇಳಿದ: "ಮೂರನೇ ಸಲ ನೀನೆಲ್ಲಿದ್ದೆ? ಜ್ವರ ಬಂದು ಮನೇಲಿ ಮಲಗಿದ್ದೆ. ಕೀ ಮೇಲೆ ಕೈ ಇಟ್ಟಿದ್ದು ನಾನು ಕಣೆ."

ಇರಬಹುದು. ಹೇಳಲು ಈಗ ಅಪ್ಪ ಇಲ್ಲ. ಹಾಗಾದರೆ ನನ್ನ ಬೆರಳುಗಳನ್ನು ಬಿಡಿಸಿದ ಆ ತಣ್ಣನೆಯ ಕೈ ನನಗೆ ಎಲ್ಲಿಂದ ಬಂತು?

ಈ ಕೊಯ್ಲಿನ ಹೊತ್ತಿಗೆ ಮಗಳನ್ನು ಕರೆದುಕೊಂಡು ಹೊಂಗಡಹಳ್ಳದ ಕಡೆ ಹೋಗಿದ್ದೆ. ಅತ್ತಿಮರ ಇಲ್ಲ. ಕಲ್ಲಿನ ಮೋರಿಯ ಜಾಗದಲ್ಲಿ ಸಿಮೆಂಟ್ ಪೈಪಿದೆ. ಸದ್ದಿನಿಂದ ಗುರುತು ಹಿಡಿಯೋಣವೆಂದರೆ ಕಾರುಗಳೆಲ್ಲ ಒಂದೇ ಬಗೆಯಾಗಿ ಉಸಿರಾಡುತ್ತವೆ. ಮಂಜು ಮಾತ್ರ ಅಂದಿನಷ್ಟೇ ಇತ್ತು. ಇಳಿಜಾರಿನಲ್ಲಿ ಕಾರು ಓಡಿಸುತ್ತ ಮಗಳಿಗೆ ಅವಳ ಅಜ್ಜನ ಸ್ಟ್ಯಾಂಡಿನ ನಾಯಿಗಳ ಕಥೆ ಹೇಳುತ್ತಿದ್ದೆ.

"ಅಮ್ಮ, ಅಲ್ಲಿ ಏನ್ ಹುಡುಕ್ತಿದೀಯ?"

ನೋಡಿದೆ. ನನ್ನ ಎಡಗೈ ಡ್ಯಾಶ್‌ಬೋರ್ಡಿನ ನಡುವನ್ನು ಸವರುತ್ತಿತ್ತು. ಈ ಕಾರಿನಲ್ಲಿ ಅಲ್ಲಿ ಕೀ ಇಲ್ಲ. ನನಗೆ ಎಂಜಿನ್ ಆರಿಸಿ ಇಳಿಸುವ ಅಭ್ಯಾಸ ಯಾವತ್ತೂ ಇರಲಿಲ್ಲ.

"ಏನಿಲ್ಲ. ಅಲ್ಲಿ ಸ್ವಲ್ಪ ಕೈ ಇಟ್ಕೊ," ಎಂದೆ.

ಯಾಕೆಂದು ಕೇಳದೆ ಇಟ್ಟಳು.