ಪಕ್ಕದ ಮನೆಯವನ ಕೀ

ಆಗ ನನಗೆ ಅರುವತ್ತೆಂಟು. ಅದಾಗಿ ಐದು ವರ್ಷವಾಯಿತು. ಕೊಲ್ಲಿ ದೇಶದ ಅಲ್ ಅಜೀಜಿಯಾದಲ್ಲಿ ನಾನಿದ್ದ ಮಗಳ ಮನೆಯ ಪಕ್ಕದವನು ನಮ್ಮ ಕರಾವಳಿಯ ಕ್ರೇನ್ ಡ್ರೈವರ್. ಸೆಕೆ ಇಳಿದ ಮೇಲೆ ಪ್ರತಿ ಶುಕ್ರವಾರ ಪ್ಲಾಸ್ಟಿಕ್ ದೋಣಿಯನ್ನು ಕಾರಿನ ಮೇಲೆ ಕಟ್ಟಿಕೊಂಡು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಅಳಿವೆಗೆ ಒಬ್ಬನೇ ಹೋಗುವನು. ಮನೆಯ ಕೀ ನನ್ನ ಕೈಗೆ ತುರುಕಿ, "ನೀರು ನನಗೆ ಗೊತ್ತುಂಟು ಅಮ್ಮ" ಎನ್ನುವನು.

ಒಂದು ಶುಕ್ರವಾರ ಗಾಳಿ ಎದ್ದಿತ್ತು. "ಇವತ್ತು ಬೇಡ ಮಾರಾಯ" ಎಂದೆ.

"ಮಧ್ಯಾಹ್ನದ ಗಾಳಿ ದೋಣಿಯನ್ನು ದಡಕ್ಕೇ ತರ್ತದೆ" ಎಂದು ನಕ್ಕ.

ಅದು ನಮ್ಮೂರಿನ ಗಾಳಿ. ಅಲ್ಲಿನದು ಸಮುದ್ರಕ್ಕೆ ತಳ್ಳುತ್ತದೆ, ಅದು ಅವನಿಗೆ ಹೊಳೆಯಲಿಲ್ಲ.

ಮಸೀದಿಯಲ್ಲಿ ಸಂಜೆಯ ಬಾಂಗ್ ಆಯಿತು, ಅವನಿಲ್ಲ. ಫೋನೂ ಹತ್ತಲಿಲ್ಲ. ಕೀ ನನ್ನ ಅಂಗೈಯಲ್ಲಿ ಬೆವರಿತು. ರಾತ್ರಿಯ ಬಾಂಗಿನ ಹೊತ್ತಿಗೆ ನೆನೆದು ತೊಪ್ಪೆಯಾಗಿ ಬಂದ. ನಡುನೀರಿನಿಂದ ಮೀನುಗಾರರು ಎಳೆದು ತಂದರಂತೆ. ಹುಟ್ಟು ಹಾಕಿ ಸುಲಿದ ಅಂಗೈ ಚಾಚಿ, "ಕೀ" ಎಂದ, ಅಷ್ಟೇ.

ಮರುದಿನ ಬೆಳಿಗ್ಗೆ ಅವನ ಬಾಗಿಲು ತಟ್ಟಿ, "ಇನ್ನು ಹೋಗುದಾದ್ರೆ ಕೀ ಬೇರೆಯವ್ರಿಗೆ ಕೊಡು" ಎಂದೆ.