ಬೂಷ್ಟಿಗೊಂದು ಹೆಸರು

ಬೂಷ್ಟು ಹಿಡಿದ ಉಪ್ಪಿನಕಾಯಿ ಕಂಡರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಕನ್ನಡಕ ಹಾಕಿಕೊಳ್ಳುತ್ತೇನೆ. ಇದು ಕಸುಬಿನಿಂದ ಬಂದ ದುರಭ್ಯಾಸ. ಅರವತ್ತರ ದಶಕದ ಆರಂಭದಲ್ಲಿ ನಾನು ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಮೇಷ್ಟರು. ಮಣ್ಣಿನಲ್ಲಿ ಬೆಳೆಯುವ ಬೂಷ್ಟುಗಳನ್ನು, ಅಂದರೆ ಶಿಲೀಂಧ್ರಗಳನ್ನು, ಹುಡುಕಿ ಪ್ರಭೇದವಾರು ವಿಂಗಡಿಸುವುದು ನನ್ನ ಸಂಶೋಧನೆ. ಹೆಣ್ಣು ಕೊಡುವಾಗ ನನ್ನ ಮಾವನವರಿಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ.

ಆಗ ನಾವಿದ್ದ ಜಯನಗರ ಅರ್ಧ ಬಡಾವಣೆ, ಅರ್ಧ ಬಯಲು. ಭಾನುವಾರ ಬೆಳಗ್ಗೆ ಒಂದು ಚಮಚ, ನಾಲ್ಕು ಗಾಜಿನ ಕೊಳವೆ ಜೇಬಿಗಿಳಿಸಿ ಸೈಕಲ್ ಹತ್ತಿದರೆ ಸಿದ್ದಾಪುರದ ತೋಟಗಳು, ಬನಶಂಕರಿ ಕಡೆಯ ರಾಗಿ ಹೊಲಗಳು ಎಲ್ಲವೂ ನನ್ನವೇ. ಒಮ್ಮೆ ಒಬ್ಬ ರೈತ ನಾನು ಕುಕ್ಕರುಗಾಲಲ್ಲಿ ಕೂತು ಮಣ್ಣು ಮೂಸುವುದನ್ನು ನೋಡಿ ಹತ್ತಿರ ಬಂದ. ಸೈಟು ಕೊಳ್ಳಲು ಬಂದವನೆಂದು ಮೊದಲು ಗದರಿದ. ಒಂದು ಚಮಚ ಮಣ್ಣು ಸಾಕೆಂದಾಗ ಅವನ ಮುಖ ಅರಳಿತು. “ಮನೇಲಿ ಬಸುರಿ ಅವ್ರೆ ಅನ್ನಿ. ನಾಚ್ಕೋಬ್ಯಾಡಿ ಸಾರ್, ಇನ್ನೊಂದ್ ಹಿಡಿ ತಗೊಂಡೋಗಿ,” ಎಂದು ಬಾಳೆಲೆಯಲ್ಲಿ ಕಟ್ಟಿಕೊಟ್ಟ. ವಿಜ್ಞಾನಕ್ಕೆ ಅಷ್ಟು ಧಾರಾಳವಾಗಿ ಕೊಟ್ಟವರನ್ನು ನಾನು ಆಮೇಲೆ ಕಾಣಲಿಲ್ಲ.

ನಮ್ಮ ಕೆಲಸ ಹೊರಗಿನಿಂದ ಅಡುಗೆಯ ಹಾಗೇ ಕಾಣುತ್ತದೆ. ಆಲೂಗೆಡ್ಡೆ ಬೇಯಿಸಿದ ನೀರಿಗೆ ಸಕ್ಕರೆ, ಹೆಪ್ಪುಗಟ್ಟಿಸುವ ಪುಡಿ ಹಾಕಿ, ಗಾಜಿನ ತಟ್ಟೆಗೆ ಸುರಿದು ಆರಲು ಬಿಡಬೇಕು. ಅದರ ಮೇಲೆ ಮಣ್ಣು ಕದಡಿದ ನೀರಿನ ಒಂದು ತೊಟ್ಟು ಬಿಟ್ಟು ಕಾಯಬೇಕು. ನಾಲ್ಕು ದಿನಕ್ಕೆ ಬಿಳಿ, ಹಸಿರು, ಕಂದು ಬಣ್ಣದ ಚುಕ್ಕೆಗಳು ಏಳುತ್ತವೆ. ಒಂದೊಂದನ್ನೂ ಸೂಜಿಯಿಂದ ಎತ್ತಿ ಬೇರೆ ಸಂಸಾರ ಹೂಡಿಸಿ, ಸೂಕ್ಷ್ಮದರ್ಶಕದಲ್ಲಿ ಅದರ ಕುಲಗೋತ್ರ ವಿಚಾರಿಸುವುದು ನನ್ನ ಪಾಲಿನ ಕೆಲಸ. ನಮ್ಮ ಜೊತೆಗಿದ್ದ ಅಮ್ಮನಿಗೆ ಈ ವಿಷಯದಲ್ಲಿ ಒಂದೇ ತಕರಾರು. “ಮನುಷ್ಯರು ತಿನ್ನೋ ಆಲೂಗೆಡ್ಡೇನ ಬೂಷ್ಟಿಗೆ ಹಾಕ್ತೀಯಲ್ಲೋ,” ಎನ್ನುತ್ತಿದ್ದಳು.

ಊರೆಲ್ಲ ಸುತ್ತಿದವನಿಗೆ ಅಪರೂಪದ್ದು ಸಿಕ್ಕಿದ್ದು ನಮ್ಮ ಹಿತ್ತಲಲ್ಲೇ, ಅಮ್ಮ ಅಕ್ಕಿ ತೊಳೆದ ನೀರು ಚೆಲ್ಲುತ್ತಿದ್ದ ಜಾಗದಲ್ಲಿ. ಮೇಲೆ ಬೂದಿ ಬಣ್ಣ, ತಟ್ಟೆಯನ್ನು ತಿರುವಿದರೆ ಕೆಳಗೆ ತೆಳು ಗುಲಾಬಿ. ಬೀಜಕಣಗಳ ಮೇಲೆ ಸಣ್ಣ ಸಣ್ಣ ಮುಳ್ಳು. ನನಗೆ ಸಿಕ್ಕಿದ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಹೊಸದೆಂದು ತೀರ್ಮಾನವಾದರೆ ಹೆಸರಿಡುವ ಹಕ್ಕು ನನ್ನದು, ಮತ್ತು ಆ ಹೆಸರು ಯಾವುದೆಂದು ನಾನು ಆಗಲೇ ನಿಶ್ಚಯಿಸಿಬಿಟ್ಟಿದ್ದೆ. ಅಪ್ಪ ಹೋದ ಮೇಲೆ ಮದುವೆಮನೆಗಳಲ್ಲಿ ಅಡುಗೆ ಮಾಡಿ ನನ್ನನ್ನು ಓದಿಸಿದವಳು ಅಮ್ಮ. ಜನರಿಗೆ ಅವಳು ಅಡುಗೆಯಮ್ಮ, ನನಗೆ ಬರೀ ಅಮ್ಮ. ಅವಳ ಹೆಸರು ಅಚ್ಚಾಗಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ರುಕ್ಮಿಣಿ ಎಂಬ ಆ ಹೆಸರಿಗೊಂದು ಲ್ಯಾಟಿನ್ ಬಾಲ ಹಚ್ಚಿ, ಬೂಷ್ಟನ್ನು ಕೊಳವೆಯಲ್ಲಿ ಭದ್ರಮಾಡಿ, ಪರೀಕ್ಷೆಗೆಂದು ಇಂಗ್ಲೆಂಡಿನ ತಜ್ಞರೊಬ್ಬರಿಗೆ ಕಳಿಸಿದೆ. ಅಮ್ಮನಿಗೂ ಹೇಳಿದೆ. “ನನ್ ಹೆಸರಿಡಕ್ಕೆ ಬೂಷ್ಟೇ ಸಿಕ್ತೇನೋ ನಿಂಗೆ!” ಎಂದು ನಕ್ಕಳು. ಆದರೆ ಆಮೇಲೆ ಪ್ರತಿದಿನ ಅಂಚೆಯವನನ್ನು ಗೇಟಿನಲ್ಲೇ ನಿಲ್ಲಿಸಿ ವಿಚಾರಿಸುತ್ತಿದ್ದವಳೂ ಅವಳೇ.

ಐದು ತಿಂಗಳ ಮೇಲೆ ಕಾಗದ ಬಂತು, ಬಹಳ ಸೌಜನ್ಯದ ಕಾಗದ. ಈ ಬೂಷ್ಟು ಚೆನ್ನಾಗಿದೆ, ಆದರೆ ಹೊಸದಲ್ಲ. ಬಹಳ ಹಿಂದೆಯೇ ಯಾರೋ ಇದನ್ನು ಕಂಡು ಹೆಸರಿಟ್ಟಿದ್ದಾರೆ, ತಾವಿಟ್ಟ ಹೆಸರು ನಿಲ್ಲುವಂತಿಲ್ಲ.

ಅಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ವಿಷಯ ಹೇಳಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ; ಪ್ರಶ್ನೆ ಕೇಳಿದಳು.

“ಅವ್ನಿಟ್ಟಿದ್ದ ಹೆಸರು ಯಾರಿಗಾದ್ರೂ ನೆನಪಿತ್ತೇನೋ?”

“ಇಲ್ಲಮ್ಮ. ಯಾವ್ದೋ ಹಳೇ ಪತ್ರಿಕೇಲಿ ಬಿದ್ದಿತ್ತು.”

“ಆದ್ರೂ ಅದೇ ನಿಲ್ಲತ್ತಾ?”

“ಅದೇ ನಿಲ್ಲತ್ತೆ. ಮೊದ್ಲು ಇಟ್ಟಿದ್ದೇ ಹೆಸರು. ಆಮೇಲೆ ಯಾರು ಏನಿಟ್ರೂ ಲೆಕ್ಕಕ್ಕಿಲ್ಲ.”

ಅಮ್ಮ ಎರಡು ಕಾಯಿ ಸುಲಿದಳು. “ಒಳ್ಳೇ ಕಾನೂನು ಕಣೋ,” ಎಂದಳು. ಆಮೇಲೆ, ತಲೆ ಎತ್ತದೆ, “ನನ್ ಹೆಸರು ಗೌರಿ,” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಮದುವೆಯಾಗಿ ಬಂದ ದಿನ ಅತ್ತೆ ಅಕ್ಕಿಯ ತಟ್ಟೆಯಲ್ಲಿ ರುಕ್ಮಿಣಿ ಎಂದು ಬರೆಸಿದರಂತೆ, ಆ ಮನೆಯ ಪದ್ಧತಿ. ಆಗ ಅವಳಿಗೆ ಹದಿಮೂರು ವರ್ಷ. ಹೊಸ ಹೆಸರಿನಿಂದ ಕರೆದಾಗ ಓಗೊಡಲು ಮರೆತು ಬೈಸಿಕೊಂಡಿದ್ದೂ ಉಂಟು. ಗೌರಿ ಎಂದು ಕರೆಯುತ್ತಿದ್ದವರು ಅವಳ ತವರಿನವರು. ಅವರಲ್ಲಿ ಈಗ ಯಾರೂ ಉಳಿದಿಲ್ಲ. ಬೀಜಕಣದ ಮೇಲಿನ ಮುಳ್ಳುಗಳನ್ನು ಎಣಿಸಿದ ನಾನು ಹೆತ್ತ ತಾಯಿಯ ಹೆಸರನ್ನೇ ವಿಚಾರಿಸಿರಲಿಲ್ಲ. ಬೂಷ್ಟು ಹೊಸದೇ ಆಗಿದ್ದರೂ ನಾನಿಟ್ಟ ಹೆಸರು ತಪ್ಪೇ ಆಗುತ್ತಿತ್ತು.

“ನಂಗಾಗಿದ್ದನ್ನೇ ನಾನು ಇವ್ಳಿಗೂ ಮಾಡ್ದೆ ನೋಡು,” ಎಂದು ಅಮ್ಮ ಅಡುಗೆಮನೆಯ ಕಡೆ ಕಣ್ಣು ತೋರಿಸಿದಳು. ಅದು ನಿಜ. ನನ್ನ ಹೆಂಡತಿ ವಿಮಲ. ನಾಲ್ಕು ವರ್ಷದ ಹಿಂದೆ ಅದೇ ತಟ್ಟೆ, ಅದೇ ಅಕ್ಕಿಯಲ್ಲಿ ಅಮ್ಮ ಅವಳನ್ನು ಶಾರದ ಮಾಡಿದ್ದಳು. ನಾನು ಪಕ್ಕದಲ್ಲೇ ಪೇಟ ಕಟ್ಟಿಕೊಂಡು ಕೂತು ಹಲ್ಲು ಕಿರಿದಿದ್ದೆ. ನಾನಂತೂ ಹೆಂಡತಿಯನ್ನು “ನೋಡಿಲ್ಲಿ” ಎಂದು ಕರೆಯುವ ಕಾಲದವನು, ಹಾಗಾಗಿ ಯಾವ ಹೆಸರಿನ ಗೋಜೂ ನನಗಿರಲಿಲ್ಲ.

ಹೊಸ ಬೂಷ್ಟು ನನಗೆ ಆಮೇಲೂ ಸಿಕ್ಕಲಿಲ್ಲ; ವಿಜ್ಞಾನಕ್ಕೆ ಅದರಿಂದ ನಷ್ಟವೇನೂ ಆದಂತಿಲ್ಲ.

ಮಾರನೆಯ ಬೆಳಗ್ಗೆ ನಾನು ಅಡುಗೆಮನೆಯ ಬಾಗಿಲಲ್ಲಿ ಕಾಫಿಗೆ ಕಾಯುತ್ತಿದ್ದೆ. ಬೀದಿಬಾಗಿಲಿನಿಂದ ಅಮ್ಮನ ದನಿ ಕೇಳಿಸಿತು. “ವಿಮಲಾ, ಮೊಸರಿನವಳು ಬಂದಿದಾಳೆ, ಪಾತ್ರೆ ತಗೊಂಡ್ ಬಾಮ್ಮ.”

ಸಾರು ಕಲಕುತ್ತಿದ್ದ ಸೌಟು ನಿಂತಿತು. ನನ್ನ ಹೆಂಡತಿ ಒಮ್ಮೆ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದಿದ್ದಾರೇನೋ ಎಂಬಂತೆ. ಅಮ್ಮ ಇನ್ನೊಮ್ಮೆ ಅದೇ ಹೆಸರು ಕೂಗಿದಳು. ಇವಳು “ಬಂದೆ ಅತ್ತೆ” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬರಿಗೈಯಲ್ಲೇ ಓಡಿದಳು. ಪಾತ್ರೆ ಇಲ್ಲೇ ಉಳಿಯಿತು, ಸಾರು ಉಕ್ಕಿ ಇದ್ದಿಲೊಲೆ ಆರಿತು. ಆ ದಿನ ನಮ್ಮ ಮನೆಯಲ್ಲಿ ಅದಕ್ಕಾಗಿ ಯಾರೂ ಯಾರನ್ನೂ ಬೈಯಲಿಲ್ಲ.